ಕಷ್ಟ ಕಂಡ ಕಲಾವಿದ ಯಾವ ಪಕ್ಷದ ಕಡೆ ನಿಲ್ಲಬೇಕು?

ಬಡತನವನ್ನೂ ಜಾತಿಯ ಅವಮಾನವನ್ನೂ ಉಂಡು ಬೆಳೆದ ಕಲಾವಿದರು, ತಮ್ಮಂಥವರ ನೋವಿಗೆ ಕಿವಿಗೊಡದ ಪಕ್ಷದ ವೇದಿಕೆ ಹತ್ತಿದರೆ ಅದು ದ್ರೋಹವಲ್ಲವೇ ಎಂದು ತಾವು ಕೇಳಿದ್ದೀರಿ. ಹಾವೇರಿ ಜಿಲ್ಲೆಯಲ್ಲಿ ಜನಪದ ಗೀಗೀ ಪದ ಹಾಡುವ ಒಂದು ಮೇಳದಲ್ಲಿ ಹನ್ನೆರಡು ವರ್ಷ ತುಂತುಣಿಯೆಂಬ ತಂತಿವಾದ್ಯ ನುಡಿಸಿದ ನಾನು, ಇದೇ ಪ್ರಶ್ನೆಯನ್ನು ದಪ್ಪೆಂಬ ಚರ್ಮವಾದ್ಯ ಹಿಡಿದು ಮುಂದೆ ನಿಲ್ಲುತ್ತಿದ್ದ ನಮ್ಮ ಮೇಳದ ಹಿರಿಯರಿಗೆ ಒಮ್ಮೆ ಸಿಟ್ಟಿನಿಂದಲೇ ಕೇಳಿದ್ದೆ. ಅದು ಚುನಾವಣೆಯ ಕಾಲ. ಒಂದು ವಾರ ಒಂದು ಪಕ್ಷದ ಪ್ರಚಾರಕ್ಕೆ ಹಾಡಿದ್ದೆವು, ಮರುವಾರ ಅದರ ಎದುರಾಳಿಗೆ. ಟೆಂಪೋದಲ್ಲಿ ಊರಿಗೆ ಮರಳುವಾಗ, ಇಷ್ಟು ಕಷ್ಟ ಕಂಡವರು ಹೀಗೆ ಮಾಡಬಹುದೇ ಎಂದೆ. ಅವರು, "ತಮ್ಮಾ, ನಮ್ಮಪ್ಪ ಜೀವ ಇರೂತನಾ ಕಟ್ಟಿಯ ಕೆಳಗ ನಿಂತು ಹಾಡಿದ. ಇವರಿಬ್ಬರೂ ನನ್ನ ಮ್ಯಾಲೆ ಕರದು ಕುರ್ಚಿ ಹಾಕ್ಯಾರ" ಎಂದರು. ಅವರ ಹೋರಾಟವೆಂದರೆ ಹಸಿವಿನದೆಂದು ನಾನು ತಿಳಿದಿದ್ದೆ, ಅವರು ಅದನ್ನು ಆ ಕುರ್ಚಿಯಿಂದ ಅಳೆಯುತ್ತಿದ್ದರು. ಫಲಿತಾಂಶ ಬಂದ ಮೇಲೆ ಇಬ್ಬರ ಮನೆಯಲ್ಲೂ ಅವರಿಗೆ ಕುರ್ಚಿ ಇರಲಿಲ್ಲ ಎಂಬುದು ಬೇರೆ ಮಾತು.

ಆದ್ದರಿಂದ ಕಲಾವಿದರ ಕಷ್ಟವನ್ನು ಹೊರಗಿನವರು ಓದಿಕೊಂಡು, ಇಂಥ ಕಷ್ಟಕ್ಕೆ ಇಂಥದೇ ಪಕ್ಷವೆಂದು ಲೆಕ್ಕ ಹಾಕುವುದು ನನಗೆ ಸರಿಕಾಣುವುದಿಲ್ಲ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಎದುರು, ಇನ್ನೂ ಹನ್ನೊಂದರ ಹುಡುಗಿಯಾಗಿದ್ದಾಗ ಅವರು ಸ್ವಾಗತಗೀತೆ ಹಾಡಿದರು. ಆದರೆ ಊಟದ ನಂತರ ಎಂಜಲೆಲೆ ಎತ್ತಲು ತಮಗೇ ಹೇಳಿಯಾರೇನೋ ಎಂಬ ಅಂಜಿಕೆ ಆ ದಿನ ತಮ್ಮನ್ನು ಕಾಡಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದರು. ಅಸ್ಪೃಶ್ಯತೆಯ ವಿರುದ್ಧ ಮಾತನಾಡುತ್ತಿದ್ದವರ ಚಪ್ಪರದಲ್ಲಿಯೇ ಆ ಅಂಜಿಕೆ ಇತ್ತೆಂದ ಮೇಲೆ, ಯಾವ ಪಕ್ಷಕ್ಕೆ ನಿಷ್ಠರಾಗಿರಬೇಕಿತ್ತೆಂದು ಅವರಿಗೆ ಹೇಳಲು ನಾವು ಯಾರು? ಅವರ ಹೋರಾಟ ಬೇರೆ ಬಗೆಯಲ್ಲಿ ಮಾತಾಗಿ ಬಂತು. ಗಾಯಕ ಮುಸಲ್ಮಾನನಾದರೆ ಉಸ್ತಾದ, ಹಿಂದೂ ಆದರೆ ಪಂಡಿತ, ಕೇಸರಬಾಯಿ, ಮೊಗೂಬಾಯಿಯಂಥ ಗಾಯಕಿಯರು ಮಾತ್ರ ಕೊನೆಯವರೆಗೂ ಬರೀ 'ಬಾಯಿ'ಯೇ ಎಂದು ಅವರು ಆಡಿದ ಮಾತಿನಲ್ಲಿ ಯಾವ ಪಕ್ಷದ ಹೆಸರೂ ಇಲ್ಲ, ಆದರೆ ಅದಕ್ಕಿಂತ ರಾಜಕೀಯವಾದ ಮಾತನ್ನು ನಮ್ಮ ಸಂಗೀತಲೋಕದಲ್ಲಿ ನಾನು ಹೆಚ್ಚು ಕೇಳಿಲ್ಲ.

ಬಹಿರಂಗವಾಗಿಯೇ ರಾಜಕೀಯಕ್ಕಿಳಿದವರೂ ನಮ್ಮ ಭಾಗದಲ್ಲಿದ್ದರು. ಹತ್ತಿಮತ್ತೂರಿನ ಕವಿ ಚಂದ್ರಶೇಖರ ಪಾಟೀಲರು ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ ಚಳವಳಿಯಲ್ಲಿ ಮುಂದೆ ನಿಂತರು, 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದಾಗ ಪಂಪ ಪ್ರಶಸ್ತಿಯನ್ನು ಮರಳಿಸಿದರು. ಆದರೆ ಅವರಿಗೆ ವಿಶ್ವವಿದ್ಯಾಲಯದ ಸಂಬಳವಿತ್ತು. ಇದನ್ನು ಅವರ ಧೈರ್ಯವನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಮಳೆಗಾಲದ ನಾಲ್ಕು ತಿಂಗಳು ಕಾರ್ಯಕ್ರಮವಿಲ್ಲದ ಮೇಳದವನಿಂದ ಅದೇ ಧೈರ್ಯವನ್ನು ಕೇಳುವಾಗ ನೆನಪಿರಲಿ ಎಂದಷ್ಟೇ ಹೇಳುತ್ತಿದ್ದೇನೆ. ಹೆಸರು ಮಾಡಿ, ಹಣ ಮಾಡಿ, ಯಾರ ಹಂಗೂ ಇಲ್ಲದ ಸ್ಥಿತಿಯಲ್ಲಿರುವ ಕಲಾವಿದರ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ಅವರು ಮತ ಯಾರಿಗಾದರೂ ಹಾಕಲಿ. ಆದರೆ ತಾವು ಉಂಡ ಅವಮಾನ ಈಗ ಎಲ್ಲಿಯೂ ಇಲ್ಲವೆಂದು ಅಧಿಕಾರದಲ್ಲಿರುವವರ ಪಕ್ಕ ಕುಳಿತು ಸಾಕ್ಷಿ ನುಡಿದರೆ, ಅದನ್ನು ಇವತ್ತೂ ಉಣ್ಣುತ್ತಿರುವವರ ಬಾಯಿ ಮುಚ್ಚಿಸಿದಂತಾಗುತ್ತದೆ, ಮತ್ತು ಅದಕ್ಕೆ ತಾವು ಬಳಸಿದ ದ್ರೋಹವೆಂಬ ಶಬ್ದ ಒಪ್ಪುತ್ತದೆ.

ನಮ್ಮ ಹಿರಿಯರಿಗೆ ಆ ಶಬ್ದ ಒಪ್ಪುವುದಿಲ್ಲವೆಂದು ನನಗೆ ತಿಳಿದದ್ದು ಅದೇ ಚುನಾವಣೆಯ ಕೊನೆಯ ವಾರದಲ್ಲಿ. ಪ್ರಚಾರದವರು ಬರೆದುಕೊಟ್ಟ ಹಾಡಿನಲ್ಲಿ ಎದುರಾಳಿ ಅಭ್ಯರ್ಥಿಯ ಜಾತಿಯನ್ನು ಹಂಗಿಸುವ ಒಂದು ನುಡಿ ಇತ್ತು. ಅವರು ಆ ನುಡಿಗೆ ಬಂದಾಗ ದಪ್ಪು ಬಾರಿಸುತ್ತಲೇ ಇದ್ದು, ಬಾಯಿ ತೆರೆಯದೆ, ಮುಂದಿನ ನುಡಿಗೆ ಹೋದರು. ಮೂರು ಊರುಗಳಲ್ಲಿಯೂ ಹಾಗೆಯೇ ಮಾಡಿದರು. ಸಂಜೆ ಗೊತ್ತುಮಾಡಿದ ಸಂಭಾವನೆಯಲ್ಲಿ ಅರ್ಧವಷ್ಟೇ ಕೈಗೆ ಬಂತು, ಅದನ್ನೇ ನಾವು ಮೂವರೂ ಹಂಚಿಕೊಂಡೆವು.