ಬಂದವರು ಮೊಬೈಲ್ ಹಿಡಿದು ಮೂಲೆ ಸೇರದಂತೆ ಮನೆಯಲ್ಲಿ ಪಾರ್ಟಿ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಲ್ಲಿ ಬಾಡಿಗೆ ಮನೆ, ಮೇಲೆ ಟೆರೇಸ್, ಜನವರಿಯ ಒಂದು ಭಾನುವಾರ, ಕಾಲೇಜಿನವರೂ ಆಫೀಸಿನವರೂ ಸೇರಿ 15 ಜನ. ಖರ್ಚು ಜಾಸ್ತಿ ಆಗಬಾರದು, ಬಂದವರು ಮೊಬೈಲ್ ನೋಡುತ್ತಾ ಕೂರಬಾರದು, ನೀವು ಇಡೀ ಸಂಜೆ ಅಡುಗೆಮನೆಯಲ್ಲೇ ಕಳೆಯಬಾರದು. ಡಿಜೆ ಲೈಟು, ಕೇಕು, ಥೀಮು ಏನಾದರೂ ಬೇಕಾ ಅಂತಲೂ ಕೇಳಿದ್ದೀರಿ.

ಏನೂ ಬೇಡ. ಜನವರಿ ಅಂದಿರಲ್ಲ, ಅಷ್ಟು ಸಾಕು. ಅವರೆಕಾಯಿ ತನ್ನಿ.

ತಮಾಷೆಗೆ ಹೇಳುತ್ತಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಮನೆಯಲ್ಲಿ ವರ್ಷ ವರ್ಷ ಹಿತಕಿದ ಬೇಳೆ (ನೆನೆದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆದ ಬೇಳೆ) ಪಾರ್ಟಿ ನಡೆಯುತ್ತದೆ. ಬರುವವರಲ್ಲಿ ಅರ್ಧ ಜನ ಐಟಿಯವರು. ಊರಲ್ಲಿ ಅಜ್ಜಿ ಮಾಡುತ್ತಿದ್ದದ್ದನ್ನು ನೋಡಿದ್ದಾರೆ, ತಾವು ಕೈ ಹಾಕಿಲ್ಲ. ಈಗ ಡಿಸೆಂಬರ್ ಬಂತೆಂದರೆ ಅವರೇ ಫೋನ್ ಮಾಡಿ "ಈ ಸಲ ಯಾವತ್ತು?" ಅಂತ ಕೇಳುತ್ತಾರೆ.

ನನ್ನ ಲೆಕ್ಕಾಚಾರ ಇಷ್ಟೇ. ಪಾರ್ಟಿ ಬೋರ್ ಆಗುವುದು ಬಂದವರಿಗೆ ಮಾಡಲು ಏನೂ ಇಲ್ಲದಿದ್ದಾಗ. ಮದುವೆ ಮನೆಯನ್ನೇ ನೋಡಿ. ಮುಹೂರ್ತದ ಹೊತ್ತಿಗಿಂತ ಹಿಂದಿನ ರಾತ್ರಿ ತರಕಾರಿ ಹೆಚ್ಚುವ ಜಾಗದಲ್ಲೇ ನಗು ಜಾಸ್ತಿ, ಅಲ್ವಾ? ಗುರುತು ಪರಿಚಯ ಇಲ್ಲದ ಇಬ್ಬರನ್ನು ಎದುರುಬದುರು ಸೋಫಾದಲ್ಲಿ ಕೂರಿಸಿದರೆ "ಮತ್ತೇನು ಸಮಾಚಾರ" ಆದಮೇಲೆ ಮಾತು ನಿಂತುಹೋಗುತ್ತದೆ. ಅದೇ ಇಬ್ಬರ ನಡುವೆ ಒಂದು ಪಾತ್ರೆ ಅವರೆಕಾಳು ಇಟ್ಟರೆ ಮಾತು ತಾನಾಗಿ ಬರುತ್ತದೆ. ಮಾತು ಬಾರದಿದ್ದರೂ ಮುಜುಗರ ಇಲ್ಲ, ಕೈ ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ಲಾಭವೂ ಇದೆ. ನೆನೆದ ಕಾಳು ಹಿಸುಕುವಾಗ ಹತ್ತು ಬೆರಳೂ ಒದ್ದೆ. ಯಾರೂ ಮೊಬೈಲ್ ಮುಟ್ಟುವುದಿಲ್ಲ. ನೀವು ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ.

ಕಾಯಿಯ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ಸಂಜೆ ನಿಂತಿರುವುದು ಅದರ ಮೇಲೆ. 15 ಜನರ ಸಾರಿಗೆ 5 ಕೆಜಿ ಕಾಯಿ ಬೇಕು. ಸುಲಿದ ಮೇಲೆ ಕಾಳು ಕಾಯಿಯ ತೂಕದ ಅರ್ಧವೂ ಇರುವುದಿಲ್ಲ, ಅದಕ್ಕೆ ಗಾಬರಿ ಬೀಳಬೇಡಿ. ಸೊಗಡಿರುವ ಕಾಯಿಯನ್ನೇ ಆರಿಸಿ: ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಬೇಕು, ಮೂಗಿನ ಹತ್ತಿರ ಹಿಡಿದರೆ ಘಮ್ಮೆನ್ನಬೇಕು. ಮಾಗಡಿ ಕಡೆಯ ಕಾಯಿ ಅಂತ ಎಲ್ಲ ಗಾಡಿಯವರೂ ಹೇಳುತ್ತಾರೆ, ಮೂಗನ್ನು ಮಾತ್ರ ನಂಬಿ. ಕಾಳು ಬಲಿತಿರಬೇಕು. ಎಳೆಯದಾದರೆ ಹಿಸುಕಿದ ಕೂಡಲೇ ನುಜ್ಜುಗುಜ್ಜಾಗುತ್ತದೆ. ಶನಿವಾರ ಬೆಳಿಗ್ಗೆ ಬೇಗ ಕೆ.ಆರ್. ಮಾರ್ಕೆಟ್‌ಗೆ ಹೋದರೆ ಬೀದಿ ಗಾಡಿಗಿಂತ ಅಗ್ಗಕ್ಕೆ ಸಿಗುತ್ತದೆ.

ಶನಿವಾರ ಸಂಜೆ ತೀರಾ ಹತ್ತಿರದ ಇಬ್ಬರನ್ನು ಕರೆದು ಸುಲಿಯಿರಿ. ಹುಳ ಸಿಕ್ಕೇ ಸಿಗುತ್ತದೆ, ಕಿರುಚಾಡುವ ಗೆಳೆಯರಿದ್ದರೆ ಅವರನ್ನೇ ಕರೆಯಿರಿ, ಮಜಾ ಇರುತ್ತದೆ. ಸುಲಿದ ಕಾಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಎದ್ದು ಒಂದು ಸಲ ನೀರು ಬದಲಾಯಿಸಿ, ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ವಾಸನೆ ಹೊಡೆಯುತ್ತದೆ. ಸಿಪ್ಪೆಯನ್ನು ಕಸಕ್ಕೆ ಹಾಕಬೇಡಿ, ಹತ್ತಿರದಲ್ಲಿ ಹಸು ಸಾಕಿದವರಿದ್ದರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಹಿತಕಿದ ಬೇಳೆ ರೆಡಿಯಾಗಿಯೇ ಸಿಗುತ್ತದಲ್ಲ ಅನ್ನಬಹುದು. ನಿಜ, ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಸೀಸನ್ನಿನಲ್ಲಿ ಬೇಳೆ ಹಿಸುಕಿಯೇ ಮಾರುತ್ತಾರೆ. ವಿ.ವಿ. ಪುರಂನಲ್ಲಿ ಹೆಸರಾದ ಅವರೆಮೇಳದಲ್ಲಂತೂ ಅವರೆಬೇಳೆ ದೋಸೆಯಿಂದ ಹಿಡಿದು ಜಿಲೇಬಿಯವರೆಗೆ ಎಲ್ಲವೂ ಸಿಕ್ಕಿದೆ. (ಜಿಲೇಬಿ ನನಗೆ ಹಿಡಿಸಲಿಲ್ಲ.) ಆದರೆ ರೆಡಿ ಬೇಳೆ ತಂದರೆ ನಿಮ್ಮ ಪಾರ್ಟಿಯ ಅರ್ಧ ಆಟವನ್ನೇ ಮಾರಿಕೊಂಡ ಹಾಗೆ. ಧೈರ್ಯಕ್ಕೆ ಬೇಕಾದರೆ ಅರ್ಧ ಕೆಜಿ ತಂದು ಫ್ರಿಜ್ಜಿನಲ್ಲಿಡಿ.

ಕರೆಯುವ ವಿಚಾರ. ವಾಟ್ಸಾಪ್ ಗ್ರೂಪ್ ಮಾಡಬೇಡಿ. ಮೊದಲ ದಿನ ಹತ್ತು ಹಾರ್ಟು, ಎರಡನೇ ದಿನ ತಾರೀಕು ಬದಲಾಯಿಸೋಣ ಅನ್ನುವ ಚರ್ಚೆ, ಮೂರನೇ ದಿನ ಯಾರೋ ಮುನಿಸಿಕೊಂಡು ಎಕ್ಸಿಟ್. ಒಬ್ಬೊಬ್ಬರಿಗೂ ಫೋನ್ ಮಾಡಿ. "ಟ್ರೈ ಮಾಡ್ತೀನಿ ಮಗಾ" ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಮಯ ನಾಲ್ಕು ಗಂಟೆ ಅಂತ ಹೇಳಿ, ಐದಕ್ಕೆ ಬರುತ್ತಾರೆ. ಬೆಳಕಿರುವಾಗಲೇ ಶುರುವಾಗಬೇಕು, ಏಕೆಂದರೆ ಕತ್ತಲಲ್ಲಿ ಕಾಳು ಯಾವುದು ಸಿಪ್ಪೆ ಯಾವುದು ಅಂತ ಕಾಣುವುದಿಲ್ಲ.

ನೀವು ಹೇಳಿದ ಕಾಲೇಜು ಗುಂಪು, ಆಫೀಸು ಗುಂಪು ಇದೆಯಲ್ಲ, ಅದೇ ನಿಮ್ಮ ನಿಜವಾದ ಸಮಸ್ಯೆ. ಬಿಟ್ಟರೆ ಎರಡೂ ಎರಡು ಮೂಲೆ ಹಿಡಿಯುತ್ತವೆ. ಕುರ್ಚಿ ಹಾಕಬೇಡಿ. ಮಂಡಿ ನೋವಿರುವವರಿಗೆ ಒಂದೆರಡು ಸಾಕು. ಟೆರೇಸಿನಲ್ಲಿ ಜಮಖಾನ ಹಾಸಿ, ನಡುವೆ ನಾಲ್ಕು ಅಗಲವಾದ ಪಾತ್ರೆ ಇಡಿ, ಪ್ರತಿ ಪಾತ್ರೆಗೆ ಎರಡೂ ಕಡೆಯವರು ಬರುವ ಹಾಗೆ ನೀವೇ ಕೂರಿಸಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಟಕ್ಕನೆ ಹಾರುತ್ತದೆ. ಎದುರಿಗಿರುವವರ ಕನ್ನಡಕಕ್ಕೆ ಹೋಗಿ ಬೀಳುತ್ತದೆ. ಅಲ್ಲಿಗೆ ಪರಿಚಯ ಆಯಿತು. ನಾಲ್ಕೂ ಪಾತ್ರೆಗೆ ಪಂದ್ಯ ಕಟ್ಟಿ: ಯಾವ ಗುಂಪು ಮೊದಲು ಮುಗಿಸುತ್ತದೋ ಅವರಿಗೆ ಮೊದಲ ದೋಸೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಯಾರನ್ನೂ ಅರಿಯದ ಒಬ್ಬರು ಬರುತ್ತಾರೆ ಅಂದುಕೊಳ್ಳಿ, ಯಾರದ್ದೋ ಹೆಂಡತಿ, ಯಾರದ್ದೋ ರೂಮ್‌ಮೇಟ್. ಅವರಿಗೆ ತೀರ್ಪುಗಾರರ ಕೆಲಸ ಕೊಡಿ. ಕಳ್ಳಾಟ ಹಿಡಿಯುತ್ತಾ ಹತ್ತು ನಿಮಿಷದಲ್ಲಿ ಎಲ್ಲರ ಹೆಸರೂ ಕಲಿಯುತ್ತಾರೆ.

ಎದ್ದು ನಿಂತು ಹೆಸರು ಹೇಳಿ, ನಿಮ್ಮ ಬಗ್ಗೆ ಒಂದು ಸ್ವಾರಸ್ಯಕರ ವಿಷಯ ಹೇಳಿ ಅನ್ನುವ ಆಟ ಮಾತ್ರ ದಯವಿಟ್ಟು ಬೇಡ. ಅದನ್ನು ಸೋಮವಾರ ಆಫೀಸಿನವರೇ ಮಾಡಿಸುತ್ತಾರೆ.

ಸಾರಿನ ಮಸಾಲೆಯನ್ನು ಮಧ್ಯಾಹ್ನವೇ ರುಬ್ಬಿಟ್ಟಿರಿ: ತೆಂಗಿನಕಾಯಿ, ಹುರಿದ ಧನಿಯಾ, ಒಣಮೆಣಸಿನಕಾಯಿ, ಚಕ್ಕೆ ಲವಂಗ, ಸ್ವಲ್ಪ ಗಸಗಸೆ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಸೊಪ್ಪು. ಒಗ್ಗರಣೆಗೆ ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು, ನೀರು ಹಾಕಿ ಕುದಿಸಿ. ಬೇಳೆ ಬಂದ ಕೂಡಲೇ ಅದಕ್ಕೆ ಹಾಕಿದರೆ ಹತ್ತು ಹದಿನೈದು ನಿಮಿಷದಲ್ಲಿ ಬೇಯುತ್ತದೆ. ಕುಕ್ಕರ್ ಬೇಡವೇ ಬೇಡ, ಬೇಳೆ ಕರಗಿ ಗೊಜ್ಜಾಗುತ್ತದೆ. ದೊಡ್ಡ ಪಾತ್ರೆ ಇಲ್ಲದಿದ್ದರೆ ಓನರ್ ಆಂಟಿಯನ್ನು ಕೇಳಿ. ಹಾಗೇ ಪಾರ್ಟಿ ವಿಷಯವನ್ನೂ ಹೇಳಿದ ಹಾಗಾಯಿತು. ಸಾರಾದ ಕೂಡಲೇ ಮೊದಲ ಬಟ್ಟಲು ಅವರ ಮನೆಗೆ ಹೋಗಲಿ. ಆಮೇಲೆ ಒಂಬತ್ತು ಗಂಟೆಗೆ "ಸ್ವಲ್ಪ ಮೆತ್ತಗೆ" ಅಂತ ಯಾರೂ ಮೆಟ್ಟಿಲು ಹತ್ತಿ ಬರುವುದಿಲ್ಲ.

ಜೊತೆಗೆ ಏನು? ಅವರೆಬೇಳೆ ಸಾರಿಗೆ ಅಕ್ಕಿರೊಟ್ಟಿಯೇ ಜೋಡಿ, ಒಪ್ಪುತ್ತೇನೆ. ಆದರೆ ತಟ್ಟಿ, ಬೇಯಿಸಿ, ತೆಗೆಯಲು ಒಂದೊಂದಕ್ಕೆ ನಾಲ್ಕೈದು ನಿಮಿಷ. 15 ಜನಕ್ಕೆ ಎರಡೆರಡು ಅಂದರೆ ಎರಡು ತವಾ ಇಟ್ಟರೂ ಒಂದು ಗಂಟೆ ಮೀರುತ್ತದೆ, ಅಷ್ಟೂ ಹೊತ್ತು ನೀವು ಒಲೆ ಮುಂದೆ. ಮುದ್ದೆ ತಿರುವಲು ಬರುವ ಗೆಳೆಯ ಇದ್ದರೆ ಅವನಿಗೆ ಕೋಲು ಕೊಟ್ಟುಬಿಡಿ. ಇಲ್ಲದಿದ್ದರೆ ದೋಸೆ. ಒಂದು ಕೆಜಿ ಹಿಟ್ಟಿನಲ್ಲಿ 12ರಿಂದ 15 ದೋಸೆ ಆಗುತ್ತವೆ, 4 ಕೆಜಿ ಹಿಟ್ಟು ತನ್ನಿ. ಒಂದು ನಿಯಮ ಇಡಿ: ಯಾರೂ ತಮ್ಮ ದೋಸೆ ತಾವೇ ಹಾಕಿಕೊಳ್ಳುವಂತಿಲ್ಲ, ಸಾಲಿನಲ್ಲಿ ಹಿಂದೆ ನಿಂತವರಿಗೆ ಹಾಕಿಕೊಡಬೇಕು. ಕರ್ನಾಟಕದ ನಕಾಶೆಯಂಥ ದೋಸೆಗಳು ಬರುತ್ತವೆ. ತಿನ್ನುವವರೂ ಹಾಕಿದವರೂ ಜಗಳವಾಡಲಿ, ಅದೇ ಬೇಕಾಗಿರುವುದು.

ಮಾಂಸ ತಿನ್ನುವವರು "ಬರೀ ಬೇಳೆನಾ?" ಅಂದರೆ ಅವರಲ್ಲಿ ಒಬ್ಬರಿಗೆ ಮಟನ್ ಫ್ರೈ ಮಾಡಿಕೊಂಡು ಬರಲು ಹೇಳಿ. ಬೇರೆ ಸೌಟು, ಬೇರೆ ಜಾಗ, ಯಾರಿಗೂ ತಕರಾರಿಲ್ಲ. ಉಳಿದದ್ದನ್ನೂ ಹಾಗೇ ಹಂಚಿ: ಮೊಸರು ಒಬ್ಬರಿಗೆ, ಹಣ್ಣು ಒಬ್ಬರಿಗೆ, ಸಿಹಿ ಒಬ್ಬರಿಗೆ. "ಏನಾದರೂ ತರಲಾ?" ಅಂತ ಕೇಳಿದವರಿಗೆ "ಅಯ್ಯೋ ಏನೂ ಬೇಡ" ಅಂದರೆ ಮೂರು ಜನ ಒಂದೇ ಬೇಕರಿಯ ಕೇಕು ತರುತ್ತಾರೆ. ಪ್ಲಾಸ್ಟಿಕ್ ತಟ್ಟೆ ಲೋಟ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಅಡಿಕೆ ಹಾಳೆ ತಟ್ಟೆ ತನ್ನಿ, ಸಾರು ಹಾಕಿದರೂ ಮೆತ್ತಗಾಗುವುದಿಲ್ಲ.

ಡ್ರಿಂಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಡುವುದಾದರೆ ಊಟ ಬಡಿಸಿದ ಮೇಲೆ ಇಡಿ. ಮೊದಲೇ ಇಟ್ಟರೆ ಕುಡಿಯುವವರು ಒಂದು ಕಡೆ, ಕುಡಿಯದವರು ಒಂದು ಕಡೆ ಆಗಿ, ನೀವು ಕೂರಿಸಿದ್ದ ಜೋಡಿಗಳೆಲ್ಲ ಒಡೆದುಹೋಗುತ್ತವೆ. ಕುಡಿದವರ ಗಾಡಿ ಕೀ ನಿಮ್ಮ ಹತ್ತಿರ ಇರಲಿ.

ಊಟ ಆದಮೇಲೆ ಹಾಡು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಟೆರೇಸ್ ಅಂದರೆ ಬಯಲೇ. ಪಕ್ಕದ ಬೀದಿಯವರು 112ಕ್ಕೆ ಫೋನ್ ಮಾಡಿದರೆ ಪೊಲೀಸರ ಹೊಯ್ಸಳ ಗಾಡಿ ಬಂದು ನಿಲ್ಲುತ್ತದೆ. ಡಿಜೆ ಗೀಜೆ ಬೇಡ ಅಂದದ್ದು ಅದಕ್ಕೇ. ಸೀಮೆಸುಣ್ಣ ಒಂದಿದ್ದರೆ ಸಾಕು.

ನೆಲದ ಮೇಲೆ ಐದಕ್ಕೈದು, ಅಂದರೆ 25 ಮನೆಯ ಚೌಕಾಬಾರ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿ. ನಾಲ್ಕು ಕವಡೆ ಬೇಕು, ಪೂಜಾ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತವೋ ಅಷ್ಟು ಮನೆ. ನಾಲ್ಕೂ ಬೋರಲು ಬಿದ್ದರೆ ಎಂಟು. ನಾಲ್ಕು, ಎಂಟು ಬಿದ್ದರೆ ಇನ್ನೊಂದು ಆಟ. ಕಾಯಿಗೆ ಹುಣಸೆ ಬೀಜ, ಬಳೆ ಚೂರು, ಗುಂಡಿ, ಏನಾದರೂ ಆದೀತು. ಒಂದು ಆಟಕ್ಕೆ ನಾಲ್ಕು ಜೋಡಿ ಹಾಕಿದರೆ ಎಂಟು ಜನ, ಎರಡು ಕಡೆ ಬರೆದರೆ 16. ನಿಮ್ಮ 15 ಜನ, ಜೊತೆಗೆ ನೀವು. ಒಬ್ಬರೂ ಹೊರಗುಳಿಯುವುದಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವ ನಿಯಮ ಮರೆಯದೆ ಇಡಿ. ಅದಿಲ್ಲದಿದ್ದರೆ ಎಲ್ಲರೂ ಒಳ್ಳೆಯವರಾಗಿ ಸುಮ್ನೆ ತಿರುಗುತ್ತಿರುತ್ತಾರೆ, ಆಟ ಸಪ್ಪೆ. ಆಡಲು ಕೂರುವ ಮೊದಲೇ ನಿಯಮಗಳನ್ನು ಗೋಡೆಯ ಮೇಲೆ ಬರೆದಿಡಿ, ಏಕೆಂದರೆ ಮೈಸೂರಿನವರ ಆಟ ಬೇರೆ, ಶಿವಮೊಗ್ಗದವರ ಆಟ ಬೇರೆ.

ಅಂತ್ಯಾಕ್ಷರಿ ತಾನಾಗಿ ಶುರುವಾಗುತ್ತದೆ, ಯಾರೂ ಹೇಳಬೇಕಾಗಿಲ್ಲ. ಳ ಬಂದರೆ ಲ, ಣ ಬಂದರೆ ನ ಅಂತ ಮೊದಲೇ ಒಪ್ಪಿಕೊಳ್ಳಿ.

ಜನವರಿಯಲ್ಲಿ ಟೆರೇಸಿನ ಮೇಲೆ ಒಂಬತ್ತು ಗಂಟೆಯ ಮೇಲೆ ಚಳಿ ಚೆನ್ನಾಗಿಯೇ ಹಿಡಿಯುತ್ತದೆ. ಶಾಲು, ಸ್ವೆಟರ್ ತರಲು ಫೋನಿನಲ್ಲೇ ಹೇಳಿ. ಸಂಜೆ ಸೊಳ್ಳೆಗೆ ಕಾಯಿಲ್ ಹಚ್ಚಿಡಿ. ಎಳೆದುಕಟ್ಟಿದ ಒಂದು ಹಳದಿ ಬಲ್ಬು ಸಾಕು. ಕೊನೆಯ ಮೆಟ್ರೋ ಎಷ್ಟಕ್ಕೆ ಅಂತ ನೋಡಿಟ್ಟುಕೊಂಡು, ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಗಟ್ಟಿಯಾಗಿ ಹೇಳಿ.

ನಿಮ್ಮ ತಾರೀಕು ಮಾರ್ಚಿಗೆ ಮುಂದೆ ಹೋದರೆ ಅವರೆ ಸಿಗುವುದಿಲ್ಲ, ಸಿಕ್ಕರೂ ಸೊಗಡಿರುವುದಿಲ್ಲ. ಆಗ ಗಿರ್ಮಿಟ್ ಮಾಡಿ. ಈರುಳ್ಳಿ, ಟೊಮೆಟೊ ಹೆಚ್ಚುವುದು, ಮಿರ್ಚಿ ಬಜ್ಜಿ ಕರಿಯುವುದು, ಮಂಡಕ್ಕಿ ಕಲಸುವುದು, ಅಲ್ಲೂ ಹತ್ತು ಕೈಗೆ ಕೆಲಸವಿದೆ. ನಿಮ್ಮ ಗುಂಪಿನಲ್ಲಿ ಧಾರವಾಡದ ಕಡೆಯವರಿದ್ದರೆ ಕಲಸುವ ಕೆಲಸ ಅವರಿಗೇ ಬಿಡಿ, ಬೇರೆ ಯಾರು ಕಲಸಿದರೂ ಅವರು ಒಪ್ಪುವುದಿಲ್ಲ. ಏಪ್ರಿಲ್, ಮೇನಲ್ಲಾದರೆ ಹಲಸಿನ ಹಪ್ಪಳ. ಮಲೆನಾಡು, ಕರಾವಳಿಯವರು ಇದನ್ನು ಓದಿ ನಗುತ್ತಿರಬಹುದು, ಅವರ ಮನೆಗಳಲ್ಲಿ ಅದು ಪಾರ್ಟಿಯಲ್ಲ, ಬೇಸಿಗೆಯ ಕೆಲಸ.

ಪಾತ್ರೆಯನ್ನು ಬಂದವರ ಕೈಲೇ ತೊಳೆಸಿ, ನಾಚಿಕೊಳ್ಳಬೇಡಿ. ಅದಕ್ಕೆ ಮುಂಚೆ ಸಂಪಿನಲ್ಲಿ ನೀರಿದೆಯಾ ಅಂತ ನೋಡಿ ಮೋಟರ್ ಹಾಕಿಬಿಡಿ. ಸಾರು ಉಳಿದೇ ಉಳಿಯುತ್ತದೆ, ಮಾರನೇ ದಿನ ಇನ್ನೂ ರುಚಿ. ಎಲ್ಲರೂ ಡಬ್ಬ ಕೇಳುತ್ತಾರೆ. ಒಳ್ಳೆಯ ಸ್ಟೀಲ್ ಡಬ್ಬ ಕೊಟ್ಟರೆ ಮುಂದಿನ ಸಂಕ್ರಾಂತಿಗೂ ವಾಪಸ್ ಬರುವುದಿಲ್ಲ. ಹಳೆಯ ಐಸ್‌ಕ್ರೀಂ ಡಬ್ಬಗಳನ್ನು ಈಗಿನಿಂದಲೇ ಕೂಡಿಡಿ.