ರೋಬೋಟ್ ಇಂಪ್ಲಾಂಟ್‌ಗೆ ತೆಗೆದು ಮತ್ತೆ ಹಾಕುವ ಸ್ಪ್ಲಿಂಟ್: ಆಫ್‌ಸೆಟ್ 0.05 ಇಡಲೋ, 0.1 ಇಡಲೋ?

36ರ (ಕೆಳದವಡೆಯ ಎಡಗಡೆಯ ಮೊದಲ ದವಡೆ ಹಲ್ಲು) ಜಾಗಕ್ಕೆ ಇಂಪ್ಲಾಂಟ್. ರೋಗಿ ಸ್ಪ್ಲಿಂಟ್ (ರೋಬೋಟ್‌ಗೆ ಗುರುತಾಗಿ ಹಲ್ಲಿನ ಮೇಲೆ ಕೂರಿಸುವ ರೆಸಿನ್ ಅಚ್ಚು) ತೆಗೆದುಕೊಂಡು ಹೊರಗಿನ ಸ್ಕ್ಯಾನ್ ಸೆಂಟರ್‌ಗೆ ಹೋಗಿ ಸಿಬಿಸಿಟಿ (ದವಡೆಯ 3ಡಿ ಎಕ್ಸ್-ರೇ) ಮಾಡಿಸಿಕೊಂಡು ಬರುತ್ತಾರೆ, ವಾರ ಬಿಟ್ಟು ಸರ್ಜರಿ. ಅಷ್ಟರೊಳಗೆ ಫಿಟ್ ಕೆಡದ ಹಾಗೆ ಎಷ್ಟು ಬಿಗಿ ಮಾಡಲಿ, ಹಲ್ಲಿಗೂ ಸ್ಪ್ಲಿಂಟಿಗೂ ನಡುವಿನ ಆಫ್‌ಸೆಟ್ (ಸಂದು) ಎಷ್ಟು ಮಿ.ಮೀ. ಇಡಲಿ ಅಂತ ತಾನೆ ನೀವು ಕೇಳುತ್ತಿರುವುದು? ಈ ಕೆಲಸಕ್ಕೆ ಕೈ ಹಾಕಿದ ಹೊಸದರಲ್ಲಿ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ಈಗ ಕೇಳಿದರೆ, ಬಿಗಿ ಮಾಡುವ ಯೋಚನೆಯನ್ನೇ ಬಿಡಿ ಅನ್ನುತ್ತೇನೆ.

ರೋಬೋಟ್‌ಗೆ ನಿಮ್ಮ ರೋಗಿಯ ಮೂಳೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಸಿಬಿಸಿಟಿ ತೆಗೆದ ಕ್ಷಣದಲ್ಲಿ ಸ್ಪ್ಲಿಂಟ್‌ಗೂ ಮೂಳೆಗೂ ಇದ್ದ ಅಂತರ ಮಾತ್ರ. ಸ್ಪ್ಲಿಂಟನ್ನು ಬಿಗಿ ಮಾಡಲು ಹೋದವರು ಅಂಡರ್‌ಕಟ್ (ಹಲ್ಲಿನ ಉಬ್ಬಿನ ಕೆಳಗಿನ ತಗ್ಗು) ಒಳಗೆ ಇಳಿಸುತ್ತಾರೆ. ಮಾಡೆಲ್ ಮೇಲೆ ಅದು 'ಟಕ್' ಅಂತ ಕೂರುತ್ತದೆ, ಎಲ್ಲರಿಗೂ ಖುಷಿ. ಬಾಯಲ್ಲಿ ಆಗುವುದೇ ಬೇರೆ. ಸ್ಕ್ಯಾನ್ ಸೆಂಟರ್‌ನ ಟೆಕ್ನಿಷಿಯನ್ ಮೆಲ್ಲಗೆ ಇಟ್ಟು ಕೈ ಬಿಟ್ಟಿರುತ್ತಾರೆ, ಅಂಡರ್‌ಕಟ್ ತಡೆದು ಸ್ಪ್ಲಿಂಟ್ ಒಂದು ಕಡೆ 0.2 ಮಿ.ಮೀ. ಎದ್ದೇ ಇರುತ್ತದೆ. ಸರ್ಜರಿ ದಿನ ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ಪೂರ್ತಿ ಕೂರಿಸುತ್ತಾರೆ. ಕೆಳದವಡೆಯಲ್ಲಿ ಸ್ಪ್ಲಿಂಟ್ ಮೇಲೆ, ಮೂಳೆ ಕೆಳಗೆ. ಸ್ಕ್ಯಾನಿನಲ್ಲಿದ್ದುದಕ್ಕಿಂತ ಸ್ಪ್ಲಿಂಟ್ ಕೆಳಗೆ ಇಳಿಯಿತೆಂದರೆ ಡ್ರಿಲ್ಲೂ ಅಷ್ಟೇ ಕೆಳಗೆ, ನರದ ಕಡೆಗೆ ಇಳಿಯಿತು ಅಂತಲೇ ಅರ್ಥ. ಇದರ ತಿರುವುಮುರುವೂ ಆಗುತ್ತದೆ: ಸ್ಕ್ಯಾನ್ ಹೊತ್ತಿಗೆ ರೋಗಿ ಹತ್ತಿ ಉಂಡೆ ಕಚ್ಚಿಕೊಂಡು ಚೆನ್ನಾಗಿ ಕೂತಿದ್ದದ್ದು, ಸರ್ಜರಿಯಲ್ಲಿ ಬಾಯಿ ತೆರೆದಾಗ ಎದ್ದಿರುತ್ತದೆ, ಆಗ ಡ್ರಿಲ್ ಮೇಲೇ ನಿಲ್ಲುತ್ತದೆ. ಎರಡರಲ್ಲಿ ಮೊದಲನೆಯದೇ ಅಪಾಯ.

0.2 ಅಂದರೆ ಎಷ್ಟು ಮಹಾ ಅನ್ನಬೇಡಿ. 25 ಮಿ.ಮೀ. ಉದ್ದದ ಸ್ಪ್ಲಿಂಟ್ ಒಂದು ತುದಿಯಲ್ಲಿ 0.2 ಎದ್ದರೆ ಸುಮಾರು ಅರ್ಧ ಡಿಗ್ರಿ ವಾಲಿದಂತೆ. ಎದ್ದಿರದ ತುದಿಯಿಂದ 40 ಮಿ.ಮೀ. ದೂರದ ಇಂಪ್ಲಾಂಟ್ ತುದಿಯಲ್ಲಿ ಅದು 0.3ಕ್ಕೂ ಮೇಲೆ. ನರಕ್ಕೆ 2 ಮಿ.ಮೀ. ಬಿಡುವ ಪ್ಲಾನಿನಲ್ಲಿ ಇಷ್ಟನ್ನು ಸ್ಪ್ಲಿಂಟೊಂದೇ ತಿಂದುಹಾಕಿತು. ದವಡೆ ಎಲ್ಲಿದೆ ಅಂತ ರೋಬೋಟ್‌ಗೆ ತಿಳಿಸುವ ಟ್ರ್ಯಾಕರ್ ಕೂಡ ಅದೇ ಸ್ಪ್ಲಿಂಟಿಗೆ ಅಂಟಿಕೊಂಡಿರುವುದರಿಂದ ಪರದೆಯಲ್ಲಿ ಎಲ್ಲವೂ ಹಸಿರಾಗೇ ಕಾಣುತ್ತದೆ. ಯಂತ್ರ ತಪ್ಪು ಜಾಗದಲ್ಲಿ ಅತ್ಯಂತ ಕರಾರುವಾಕ್ಕಾಗಿ ಕೊರೆಯುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ: ಕ್ಲಿನಿಕ್‌ನಲ್ಲೇ ಸಿಬಿಸಿಟಿ ಇದ್ದರೆ ನಡುವೆ ಬಿಚ್ಚಲೇಬೇಡಿ. ಅಮೆರಿಕದಲ್ಲಿ 2016ರ ಕೊನೆಗೆ ಎಫ್‌ಡಿಎ ಒಪ್ಪಿಗೆ ಪಡೆದ ಯೋಮಿ ಎಂಬ ಇಂಪ್ಲಾಂಟ್ ರೋಬೋಟ್‌ನಲ್ಲಿ, ಹಲ್ಲಿರುವವರಿಗೆ ಸ್ಪ್ಲಿಂಟನ್ನು ಕುರ್ಚಿಯಲ್ಲೇ ಬಿಸ್-ಅಕ್ರಿಲ್ (ಬಾಯಲ್ಲೇ ಗಟ್ಟಿಯಾಗುವ ರೆಸಿನ್) ತುಂಬಿ ಹಲ್ಲಿಗೆ ಕೂರಿಸುವ ಕ್ರಮವಿದೆ. ಕೂರಿಸಿ, ಸ್ಕ್ಯಾನ್ ಮಾಡಿ, ಸರ್ಜರಿ ಮುಗಿಸಿ, ಆಮೇಲೆ ತೆಗೆಯಿರಿ. ಹಲ್ಲುಸಂದಿಗಳನ್ನು ಮೊದಲೇ ಮೇಣದಿಂದ ಮುಚ್ಚಿರದಿದ್ದರೆ ಕೊನೆಗೆ ಬರ್ (ಕೊರೆಯುವ ಮೊನೆ) ಹಿಡಿದು ಸ್ಪ್ಲಿಂಟನ್ನು ಸೀಳಬೇಕಾದೀತು.

ಹೊರಗಿನ ಸ್ಕ್ಯಾನ್ ತಪ್ಪದು ಅಂತಾದರೆ ಡಿಸೈನ್ ಹೀಗಿರಲಿ. ಸ್ಕ್ಯಾನ್ ಫೈಲಿನಲ್ಲಿ ಮೊದಲು ಸ್ಪ್ಲಿಂಟ್ ಇಳಿಯುವ ದಿಕ್ಕು ನಿಶ್ಚಯಿಸಿ, ಆ ದಿಕ್ಕಿಗೆ ಎಲ್ಲ ಅಂಡರ್‌ಕಟ್ ಬ್ಲಾಕ್‌ಔಟ್ ಮಾಡಿ (ತುಂಬಿ ಮುಚ್ಚಿ). ಹಲ್ಲಿನ ಪಕ್ಕದ ಗೋಡೆಗಳಿಗೆ 0.1ರಿಂದ 0.15 ಸಡಿಲ ಕೊಡಿ. ಮೂರು ಕಡೆ ಮಾತ್ರ 0.05ರೊಳಗೆ ಇಟ್ಟು ಹಲ್ಲಿನ ಮೇಲ್ಮೈಗೆ ತಾಗಿಸಿ: 36ರ ಮುಂದಿರುವ 35ರ ಮೇಲೆ, ಮುಂದಿನ ಬಾಚಿಹಲ್ಲುಗಳ ಅಂಚಿನ ಮೇಲೆ, ಬಲಗಡೆಯ 44ರ (ಕೋರೆಹಲ್ಲಿನ ಹಿಂದಿನದು) ಮೇಲೆ. ಮೂರು ಕಲ್ಲಿನ ಒಲೆ ಎಂದಾದರೂ ಕುಂಟುತ್ತದೆಯೇ? ಈ ಮೂರೂ ಕಡೆ 2 ಮಿ.ಮೀ. ಕಿಟಕಿ ತೆರೆದಿಡಿ. ಕಿಟಕಿಯಲ್ಲಿ ಹಲ್ಲಿಗೂ ರೆಸಿನ್‌ಗೂ ನಡುವೆ ಗೆರೆ ಕಂಡರೆ ಸ್ಪ್ಲಿಂಟ್ ಕೂತಿಲ್ಲ. ಆ ಮೂರು ಕಿಟಕಿಗಳ ಫೋಟೊ ಕಳಿಸದೆ ಸ್ಕ್ಯಾನ್ ಒತ್ತಬಾರದು ಅಂತ ಸೆಂಟರ್‌ಗೆ ಚೀಟಿ ಬರೆದು ಕೊಡಿ. ಇದು ಕಿರಿಕಿರಿ ಅನ್ನಿಸುತ್ತದೆ, ಆದರೂ ಬಿಡಬೇಡಿ. ಹಿಡಿತಕ್ಕೆ ಸರ್ಜರಿ ದಿನ ಎರಡು ಕಡೆ ಒಂದೊಂದು ಚುಕ್ಕೆ ಫ್ಲೋಯಬಲ್ ಕಾಂಪೋಸಿಟ್ (ಹಲ್ಲು ತುಂಬುವ ತೆಳು ರೆಸಿನ್) ಸಾಕು, ಎಚ್ ಮಾಡದ (ಆಸಿಡ್ ಹಚ್ಚಿ ಒರಟು ಮಾಡದ) ಹಲ್ಲಿನಿಂದ ಅದು ಸುಲಭವಾಗಿ ಬಿಡುತ್ತದೆ.

ಬಲಗಡೆ ಹಿಂದಿನ ದವಡೆ ಹಲ್ಲು 47ರವರೆಗೂ ಚಾಚಿ ಇನ್ನಷ್ಟು ಗಟ್ಟಿ ಮಾಡುತ್ತೇನೆ ಅನ್ನುವವರಿದ್ದಾರೆ. ಕೆಳದವಡೆ ಬಾಯಿ ಅಗಲಿಸಿದಾಗ ಹಿಂಬದಿಯಲ್ಲಿ ಒಳಕ್ಕೆ ಬಾಗುತ್ತದೆ. ಬಾಯಿ ಮುಚ್ಚಿ ಸ್ಕ್ಯಾನ್, ತೆರೆದು ಸರ್ಜರಿ ಅಂದಮೇಲೆ ಎರಡು ಕಡೆಯ ದವಡೆ ಹಲ್ಲಿಗೂ ಕಟ್ಟಿದ ಸ್ಪ್ಲಿಂಟ್ ಎಳೆದಾಟಕ್ಕೆ ಸಿಗುತ್ತದೆ. 35ರಿಂದ 44 ಸಾಕು. ಅಲ್ಲಾಡುವ ಹಲ್ಲು, ಟೆಂಪರರಿ ಕ್ರೌನ್, ಕ್ಲಿಪ್ ಹಾಕಿ ಸರಿಸುತ್ತಿರುವ ಹಲ್ಲು, ಇವು ಯಾವುವೂ ಆಧಾರಕ್ಕೆ ಬರುವುದಿಲ್ಲ.

ಸ್ಪ್ಲಿಂಟ್ ಮೈ 3 ಮಿ.ಮೀ. ದಪ್ಪವಿರಲಿ. ಟ್ರ್ಯಾಕರ್ ಕೈ ಹೊರಡುವ ಬುಡ ಇನ್ನೂ ದಪ್ಪವಿರಲಿ, ಬಲಗಡೆಯಿಂದ ಹೊರಡಲಿ, ಎಡಗಡೆ ಹ್ಯಾಂಡ್‌ಪೀಸ್ ತಲೆಗೆ ಬಿಟ್ಟುಕೊಡಿ. ಯೋಮಿಯಂತೆ ಯಾಂತ್ರಿಕ ತೋಳಿನಿಂದ ಟ್ರ್ಯಾಕ್ ಮಾಡುವ ಯಂತ್ರವಾದರೆ ತೋಳಿನ ಎಳೆತ ಈ ಬುಡದ ಮೇಲೇ ಬೀಳುತ್ತದೆ. ಕ್ಯಾಮೆರಾ ನೋಡುವ ಯಂತ್ರವಾದರೆ ಅಸಿಸ್ಟೆಂಟ್‌ನ ಕೈ, ಸಕ್ಷನ್ ಪೈಪು ಮಾರ್ಕರ್‌ಗೆ ಅಡ್ಡ ಬರದಂತೆ ಕೋನ ನೋಡಿಕೊಳ್ಳಿ.

ಸಿಬಿಸಿಟಿಯಲ್ಲಿ ಕಾಣಬೇಕಾದ ಗುರುತಿನ ಗುಂಡುಗಳು ಕಂಪನಿಯ ತುಂಡಿನಲ್ಲೇ ಬಂದರೆ ಸರಿ, ನೀವೇ ಇಡುವುದಾದರೆ 1.5 ಮಿ.ಮೀ.ಗಿಂತ ಚಿಕ್ಕದು ಬೇಡ. 0.3 ಮಿ.ಮೀ. ವೋಕ್ಸೆಲ್‌ನಲ್ಲಿ (3ಡಿ ಚಿತ್ರದ ಒಂದು ಕಣ) ಅದಕ್ಕೆ ಅಡ್ಡಕ್ಕೆ ಐದೇ ವೋಕ್ಸೆಲ್ ಸಿಗುವುದು. ಮೂರು ಕನಿಷ್ಠ, ಐದಾರು ಒಳ್ಳೆಯದು, ಒಂದೇ ಸಾಲಿನಲ್ಲಿ ಇರಕೂಡದು, 36ಕ್ಕೆ ಆದಷ್ಟು ಹತ್ತಿರ ಹರಡಿರಬೇಕು. ಗುಂಡುಗಳ ನಡುಬಿಂದುವಿನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ಲೋಹದ ಕ್ರೌನ್ ಇದ್ದರೆ ಗುಂಡುಗಳನ್ನು ಅದರ ಮಟ್ಟಕ್ಕಿಂತ ಮೇಲೆ ಇಡಿ, ಕ್ರೌನಿನ ಗೆರೆಗಳು ಅಡ್ಡಡ್ಡ ಹರಡುತ್ತವೆ.

ಡಾಕ್ಟರಿಗೆ ಒಂದು ಮಾತು ಹೇಳಿಬಿಡಿ: ಕೊರೆಯುವ ಮೊದಲು 36ರ ಹಿಂದಿರುವ 37ರ ಕಸ್ಪ್ (ಹಲ್ಲಿನ ಮೇಲಿನ ಮೊನೆ) ತುದಿಗೆ ಡ್ರಿಲ್ ತಾಗಿಸಿ ಪರದೆ ನೋಡಬೇಕು. ಸ್ಪ್ಲಿಂಟಿನೊಳಗೆ ಸೇರದ, ಜಾಗಕ್ಕೆ ಹತ್ತಿರದ ಹಲ್ಲು ಅದು. ಅರ್ಧ ಮಿ.ಮೀ. ತಪ್ಪು ಕಂಡರೂ ಮತ್ತೆ ಕೂರಿಸಿ, ಆಗಲೂ ಸರಿಹೋಗದಿದ್ದರೆ ಮತ್ತೆ ಸ್ಕ್ಯಾನ್.

ರೆಸಿನ್ ಯಾವುದು ಅಂತಲೂ ಕೇಳಿದ್ದೀರಿ. ಆಟೋಕ್ಲೇವ್ ತಡೆಯುವ ಸರ್ಜಿಕಲ್ ಗೈಡ್ ರೆಸಿನ್ ಯಾವುದಾದರೂ ಆದೀತು. ತೊಳೆಯುವ, ಕ್ಯೂರ್ ಮಾಡುವ ಹೊತ್ತು ಅದರ ಚೀಟಿಯಲ್ಲಿರುವಷ್ಟೇ. ಆಟೋಕ್ಲೇವ್‌ನಿಂದ ಹೊರಬಂದ ಮೇಲೆ ಮಾಡೆಲ್ ಮೇಲೆ ಇಟ್ಟು ಮೂರು ಕಿಟಕಿ ಇನ್ನೊಮ್ಮೆ ನೋಡಿ, ಸೊಟ್ಟಗಾಗುವುದು ಅಲ್ಲೇ. ಸ್ಕ್ಯಾನಿಗೆ ಕಳಿಸುವ ಮೊದಲೇ ಆ ಒಂದು ಸುತ್ತು ಮುಗಿಸಿಬಿಡಿ.