ಕೌಂಟ್ ಯಾಕೆ ಇಳಿಯುತ್ತೆ, 12.8ರ ಪೀಕ್ ಯಾರದ್ದು? ಎಕ್ಸ್-ರೇ ಡಿಟೆಕ್ಟರ್ ಪ್ರಶ್ನೆಗಳು

ಪ್ರಶ್ನೆ: ಸರ್, ನಮ್ಮ ಲ್ಯಾಬಲ್ಲಿ ಎಕ್ಸ್‌ಆರ್‌ಎಫ್‌ಗೆ (ಎಕ್ಸ್-ರೇ ಬಿಟ್ಟು ವಸ್ತುವಲ್ಲಿ ಯಾವ್ಯಾವ ಧಾತು ಇದೆ ಅಂತ ನೋಡೋ ವಿಧಾನ) ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್ ಇದೆ, ಈಗ ಅದಕ್ಕೆ ಡಿಜಿಟಲ್ ಪಲ್ಸ್ ಪ್ರೊಸೆಸರ್ ಹಾಕಿದ್ದೀವಿ. ಟ್ಯೂಬ್ ಕರೆಂಟ್ ಏರಿಸ್ತಾ ಹೋದ್ರೆ ಒಂದು ಹಂತದವರೆಗೂ ಕೌಂಟ್ (ಸೆಕೆಂಡಿಗೆ ದಾಖಲಾಗೋ ಫೋಟಾನ್ ಸಂಖ್ಯೆ) ಏರುತ್ತೆ, ಆಮೇಲೆ ಇಳಿಯುತ್ತೆ. ಡಿಟೆಕ್ಟರ್ ಹಾಳಾಗಿದ್ಯಾ?

ಉತ್ತರ: ಇಲ್ಲ, ಗಾಬರಿ ಬೇಡ. ನಿಮ್ಮ ಪೀಕಿಂಗ್ ಟೈಮ್, ಅಂದ್ರೆ ಪ್ರೊಸೆಸರ್ ಒಂದು ಪಲ್ಸನ್ನ ಅಳೆಯೋಕೆ ಸರಾಸರಿ ಹಾಕೋ ಅವಧಿ, ಎಷ್ಟಿದೆ ಅಂತ ಮೊದಲು ನೋಡಿ, ಉತ್ತರ ಬಹುಪಾಲು ಅಲ್ಲೇ ಇರುತ್ತೆ.

ಒಂದು ಫೋಟಾನ್ ಬಿದ್ದಾಗ ಪ್ರೀಆಂಪ್ (ಡಿಟೆಕ್ಟರ್ ಸಿಗ್ನಲ್ ಹಿಗ್ಗಿಸೋ ಮೊದಲ ಸರ್ಕ್ಯೂಟ್) ಔಟ್‌ಪುಟ್ ಒಂದು ಮೆಟ್ಟಿಲು ಮೇಲೇರುತ್ತೆ. ಮೆಟ್ಟಿಲಿನ ಎತ್ತರವೇ ಎನರ್ಜಿ. ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್-ಹೋಲ್ ಜೋಡಿಗೆ ಸುಮಾರು 3.65 ಇವಿ (ಎಲೆಕ್ಟ್ರಾನ್ ವೋಲ್ಟ್) ಬೇಕು, ಹಾಗಾಗಿ ಮ್ಯಾಂಗನೀಸಿನ 5.9 ಕೆಇವಿ ಫೋಟಾನ್‌ನಿಂದ ಸಿಗೋದು 1600ರಷ್ಟು ಎಲೆಕ್ಟ್ರಾನ್ ಮಾತ್ರ. ಇಷ್ಟು ಸಣ್ಣ ಮೆಟ್ಟಿಲನ್ನ ನಾಯ್ಸ್ ಮಧ್ಯೆ ಅಳೀಬೇಕು ಅಂದ್ರೆ ಅದರ ಮುಂಚಿನ ಸ್ಯಾಂಪಲ್‌ಗಳ ಸರಾಸರಿ, ನಂತರದ ಸ್ಯಾಂಪಲ್‌ಗಳ ಸರಾಸರಿ ತಗೊಂಡು ಕಳೀಬೇಕು. ಟ್ರೆಪಿಜಾಯ್ಡಲ್ ಫಿಲ್ಟರ್ ಮಾಡೋದು ಇದನ್ನೇ. ಸಿಗ್ನಲನ್ನ ಅಂಕಿಗಳಾಗಿ ಬದಲಿಸೋ ಎಡಿಸಿ 80 ಮೆಗಾಹರ್ಟ್ಸ್‌ದಾದ್ರೆ 12.5 ನ್ಯಾನೋಸೆಕೆಂಡಿಗೊಂದು ಸ್ಯಾಂಪಲ್ ಬರ್ತಾನೇ ಇರುತ್ತೆ, ಪ್ರತಿಸಲ ಮೊದಲಿಂದ ಸರಾಸರಿ ಹಾಕ್ತಾ ಕೂರೋಕೆ ಟೈಮಿಲ್ಲ, ಅದಕ್ಕೆ ಎಫ್‌ಪಿಜಿಎ (ಬೇಕಾದಂತೆ ಲಾಜಿಕ್ ತುಂಬಬಹುದಾದ ಚಿಪ್) ಒಳಗೆ ಹೊಸದನ್ನ ಕೂಡಿ ಹಳೇದನ್ನ ಕಳೆದು ಮೊತ್ತ ಮುಂದುವರಿಸ್ತಾ ಹೋಗ್ತಾರೆ. ಜೋರ್ಡಾನೊವ್ ಮತ್ತು ನೋಲ್ 1994ರಲ್ಲಿ ಈ ಥರದ ಲೆಕ್ಕವನ್ನ ಚೆನ್ನಾಗಿ ಕಟ್ಟಿಕೊಟ್ರು. ಇಷ್ಟು ಕಮ್ಮಿ ಹಾರ್ಡ್‌ವೇರಲ್ಲಿ ಇಷ್ಟು ಒಳ್ಳೇ ಫಿಲ್ಟರ್ ಅಂದ್ರೆ ನನಗಂತೂ ಇವತ್ತಿಗೂ ಖುಷಿ.

ಈಗ ನಿಮ್ಮ ಕೌಂಟ್ ವಿಷಯ. ಒಂದು ಪಲ್ಸ್ ಅಳೀತಿರುವಾಗ ಇನ್ನೊಂದು ಬಂದ್ರೆ ಎರಡೂ ಒಂದರ ಮೇಲೊಂದು ಕೂತು ಎನರ್ಜಿ ತಪ್ಪಾಗುತ್ತೆ, ಪೈಲಪ್ ರಿಜೆಕ್ಷನ್ ಲಾಜಿಕ್ ಅವನ್ನ ಬಿಸಾಕುತ್ತೆ. ಪೀಕಿಂಗ್ ಟೈಮ್ 4 ಮೈಕ್ರೋಸೆಕೆಂಡ್, ಫ್ಲಾಟ್ ಟಾಪ್ (ಎರಡು ಸರಾಸರಿಗಳ ನಡುವೆ ಬಿಡೋ ಅಂತರ) 0.5 ಇದ್ರೆ ಒಂದು ಪಲ್ಸಿಗೆ ಹೆಚ್ಚುಕಮ್ಮಿ 9 ಮೈಕ್ರೋಸೆಕೆಂಡ್ ಡೆಡ್ ಟೈಮ್, ಅಂದ್ರೆ ಇನ್ನೊಂದು ಪಲ್ಸನ್ನ ಸರಿಯಾಗಿ ಅಳೆಯೋಕಾಗದ ಸಮಯ. ಆಗ ಸೆಕೆಂಡಿಗೆ 1.1 ಲಕ್ಷ ಫೋಟಾನ್ ಬಂದಾಗ ದಾಖಲಾಗೋದು ಸುಮಾರು 40 ಸಾವಿರ, ಅದೇ ಗರಿಷ್ಠ. 2 ಲಕ್ಷ ಕಳಿಸಿದ್ರೆ 33 ಸಾವಿರಕ್ಕೆ ಇಳಿಯುತ್ತೆ! ನಿಮಗೆ ಕಾಣ್ತಿರೋದು ಇದೇ. ಪೀಕಿಂಗ್ ಟೈಮ್ 1 ಮೈಕ್ರೋಸೆಕೆಂಡ್ ಮಾಡಿ, ಗರಿಷ್ಠ 1.2 ಲಕ್ಷದ ಹತ್ತಿರ ಹೋಗುತ್ತೆ, ಆದ್ರೆ ರೆಸಲ್ಯೂಷನ್ ಸ್ವಲ್ಪ ಕೆಡುತ್ತೆ, ಅಂದ್ರೆ ಪೀಕ್ ಅಗಲ ಆಗುತ್ತೆ. ಪೀಕ್‌ಗಳು ದೂರದೂರ ಇರೋ ಸ್ಯಾಂಪಲ್‌ಗೆ ಅದರಿಂದ ನಷ್ಟವಿಲ್ಲ, ಒತ್ತೊತ್ತಾಗಿದ್ರೆ ಮಾತ್ರ ಉದ್ದ ಪೀಕಿಂಗ್ ಇಟ್ಕೊಂಡು ಟ್ಯೂಬ್ ಕರೆಂಟ್ ತಗ್ಗಿಸಿ. ಫ್ಲಾಟ್ ಟಾಪ್ ಮಾತ್ರ ತೀರಾ ಕತ್ತರಿಸ್ಬೇಡಿ, ಡಿಟೆಕ್ಟರ್ ಅಂಚಲ್ಲಿ ಹುಟ್ಟಿದ ಚಾರ್ಜ್ ಆನೋಡಿಗೆ ಬಂದು ಸೇರೋಕೆ ಸಮಯ ಬೇಕು, ಇಲ್ಲಾಂದ್ರೆ ಪೀಕಿಗೆ ಎಡಗಡೆ ಬಾಲ ಬರುತ್ತೆ.

ಪ್ರಶ್ನೆ: ಉಕ್ಕಿನ ಸ್ಯಾಂಪಲ್‌ನಲ್ಲಿ 12.8 ಕೆಇವಿ ಹತ್ರ ಸಣ್ಣ ಪೀಕ್ ಬರ್ತಿದೆ, ಸಾಫ್ಟ್‌ವೇರ್ ಸೀಸ ಅಂತ ತೋರಿಸುತ್ತೆ. ನಂಬಬಹುದಾ?

ಉತ್ತರ: ಹಾಗೇ ನಂಬ್ಬೇಡಿ. ಪ್ರತಿ ಧಾತುವೂ ತನ್ನದೇ ಎನರ್ಜಿಗಳ ಎಕ್ಸ್-ರೇ ಬಿಡುತ್ತೆ, ಕೆ-ಆಲ್ಫಾ, ಎಲ್-ಬೀಟಾ ಅನ್ನೋದು ಅವುಗಳ ಹೆಸರು. ಕಬ್ಬಿಣದ ಕೆ-ಆಲ್ಫಾ 6.4 ಕೆಇವಿ, ಅಂಥ ಎರಡು ಫೋಟಾನ್ ಬಹುತೇಕ ಒಟ್ಟಿಗೇ ಬಿದ್ರೆ ಪೈಲಪ್ ಪತ್ತೆಹಚ್ಚೋ ವೇಗದ ಫಿಲ್ಟರ್ ಆದ ಫಾಸ್ಟ್ ಚಾನೆಲ್‌ಗೂ ಬೇರೆಬೇರೆ ಅಂತ ಗೊತ್ತಾಗಲ್ಲ, 12.8ರಲ್ಲಿ ಸಮ್ ಪೀಕ್ ಏಳುತ್ತೆ. ಸೀಸದ ಎಲ್-ಬೀಟಾ 12.6, ಪಕ್ಕದಲ್ಲೇ ಇದೆ. 10.55ರಲ್ಲಿ ಎಲ್-ಆಲ್ಫಾ ಇದ್ಯಾ ನೋಡಿ, ಸೀಸ ನಿಜವಾಗ್ಲೂ ಇದ್ರೆ ಅದೂ ಕಾಣಲೇಬೇಕು. ಇನ್ನೂ ಅನುಮಾನ ಇದ್ರೆ ಟ್ಯೂಬ್ ಕರೆಂಟ್ ಅರ್ಧ ಮಾಡಿ, ಬರೋ ಫೋಟಾನ್‌ಗಳ ರೇಟ್ ಅರ್ಧ ಆದಾಗ ಸಮ್ ಪೀಕಿನ ರೇಟ್ ಸುಮಾರು ಕಾಲುಭಾಗಕ್ಕೆ ಇಳಿಯುತ್ತೆ, ನಿಜವಾದ ಪೀಕ್ ಅರ್ಧಕ್ಕೆ ಮಾತ್ರ. ಹೋಲಿಸುವಾಗ ಡೆಡ್ ಟೈಮ್ ಸರಿಪಡಿಸಿದ ಲೆಕ್ಕ ತಗೊಳ್ಳಿ.

ಪ್ರಶ್ನೆ: 14 ಬಿಟ್ ಎಡಿಸಿ ಬದಲು 16 ಬಿಟ್ ಹಾಕಿದ್ರೆ ರೆಸಲ್ಯೂಷನ್ 100 ಇವಿಗೆ ಇಳಿಯುತ್ತಾ?

ಉತ್ತರ: 5.9 ಕೆಇವಿ ಹತ್ರ ಆಗಲ್ಲ. ಎಲೆಕ್ಟ್ರಾನಿಕ್ಸ್ ನಾಯ್ಸ್ ಸೊನ್ನೆ ಆದ್ರೂ ಸಿಲಿಕಾನ್‌ನ ಚಾರ್ಜ್ ಏರಿಳಿತದಿಂದಲೇ 120 ಇವಿ ಆಸುಪಾಸು ಅಗಲ ಉಳಿಯುತ್ತೆ, ಒಳ್ಳೇ ಡಿಟೆಕ್ಟರ್‌ಗಳು 125ರಿಂದ 130ರಲ್ಲಿ ಈಗಾಗ್ಲೇ ಇವೆ. ನಿಮ್ಮದು 150 ದಾಟಿದ್ರೆ ಪೆಲ್ಟಿಯರ್ ಕೂಲಿಂಗ್, ಪ್ರೀಆಂಪ್‌ನ ಗ್ರೌಂಡಿಂಗ್, ಪವರ್ ಸಪ್ಲೈ ರಿಪ್ಪಲ್ ಮೊದಲು ಪರೀಕ್ಷಿಸಿ, ಎಡಿಸಿ ಆಮೇಲೆ.